ಥಂಡಿ ಕೋಣೆಯಲ್ಲಿ ಕಾಂತಪ್ಪ

ಮೇ ತಿಂಗಳು. ಬೊಂಬಾಯಿಯ ಪರೇಲಿನಲ್ಲಿ ನಮ್ಮ ಒಂದೇ ಕೋಣೆಯ ಖೋಲಿಯ ತಗಡಿನ ಮಾಡು ಕಾದು ಕೆಳಗೆ ಕೂತವರ ನೆತ್ತಿ ಸುಡುತ್ತಿತ್ತು. ಇಡೀ ಸಾಲಿನವರು ಬೀಸಣಿಗೆ ಹಿಡಿದು ಹೊರಗೆ ಕಟ್ಟೆಯಲ್ಲಿ ಕೂತಿರುವಾಗ ನಮ್ಮವರೊಬ್ಬರು ಒಳಗೆ ಸ್ಟೋವಿನ ಎದುರು ಕುಕ್ಕರಗಾಲಲ್ಲಿ ಕೂತು ಎರಡೂ ಕೈಯನ್ನು ಬೆಂಕಿಗೆ ಹಿಡಿದಿದ್ದರು. ಪಕ್ಕದ ಖೋಲಿಯ ಬಸಲಿಂಗವ್ವ, ವಿಜಾಪುರದ ಕಡೆಯವಳು, ಬಾಗಿಲಲ್ಲಿ ಇಣುಕಿ ನೋಡಿದಳು.

"ಏನಬೇ ಅಪ್ಪಿ, ಇಂಥಾ ಬ್ಯಾಸಿಗ್ಯಾಗ ನಿನ್ನ ಗಂಡ ಕೈ ಕಾಸ್ಕೋತಾನಲ್ಲ, ಹಿಮಾಲಯಕ್ಕ ಹೋಗಿ ಬಂದಾನೇನು?"

ನಾನು ನಕ್ಕೆ. ಹಿಮಾಲಯ ನಮ್ಮ ಖೋಲಿಯಿಂದ ಐವತ್ತು ಹೆಜ್ಜೆಯಲ್ಲೇ ಇತ್ತು. ಕಲ್ಲಿನ ದೊಡ್ಡ ಕಟ್ಟಡ, ಅದರ ಹಿಂದಿನ ಓಣಿಯಲ್ಲಿ ಕೆಲಸದವರ ಖೋಲಿಗಳು. ಕಟ್ಟಡದ ಒಳಗೆ ಇಲಿಯ ಲಿವರು, ಮಾಂಸಖಂಡ ಎಲ್ಲ ತಂದು ಏನೇನೋ ಪರೀಕ್ಷೆ ಮಾಡುವ ಲ್ಯಾಬು. ಆ ಲ್ಯಾಬಿನ ಕೊನೆಯಲ್ಲಿ ಥಂಡಿ ಕೋಣೆ. ನಮ್ಮವರ ಕೆಲಸ ಅಲ್ಲಿ.

ಅವರ ಹೆಸರು ಕಾಂತಪ್ಪ. ಇದ್ದಷ್ಟು ದಿನ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಬರೆಯಲಿಕ್ಕೆ ಅಡ್ಡಿಯಿಲ್ಲ ಅಂತ ಕಾಣುತ್ತದೆ. ನಾನು ಕಲಿತದ್ದು ಮೂರನೇ ಕ್ಲಾಸಿನವರೆಗೆ, ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಿ. ಆದರೆ ನೋಡಿದ್ದು ಒಂದೂ ಮರೆತಿಲ್ಲ.

ಕಾಪುವಿನ ಹತ್ತಿರದ ಊರು ಅವರದ್ದು. ಹನ್ನೆರಡನೇ ವಯಸ್ಸಿಗೆ ಹಡಗು ಹತ್ತಿ ಬೊಂಬಾಯಿಗೆ ಬಂದವರು ಮಾಟುಂಗದ ಒಂದು ಹೋಟೆಲಿನಲ್ಲಿ ಅರೆಯುವ ಕಲ್ಲಿನ ಎದುರು ಹನ್ನೊಂದು ವರ್ಷ ಕೂತರು. ಆ ಹೋಟೆಲಿಗೆ ದಿನಾ ಇಡ್ಲಿ ತಿನ್ನಲಿಕ್ಕೆ ಬರುತ್ತಿದ್ದವರು ಡಾಕ್ಟರ್ ನಂಜುಂಡಯ್ಯ. ಮೈಸೂರಿನವರು, ವಿಲಾಯಿತಿಯಲ್ಲಿ ಕಲಿತವರು. ಒಂದು ದಿನ ಅವರು ಸೀದಾ ಅಡುಗೆಮನೆಗೆ ನುಗ್ಗಿ, ಇವರು ಅರೆಯುವುದನ್ನು ಕಾಲು ಗಂಟೆ ನಿಂತು ನೋಡಿದರಂತೆ. ಆಮೇಲೆ ಧಣಿಗಳಿಗೆ, "ಈ ಕೈ ನನಗೆ ಬೇಕು ಕಣ್ರೀ" ಅಂದರಂತೆ. ಮನುಷ್ಯ ಬೇಕು ಅಂತ ಹೇಳಲಿಲ್ಲ. ಕೈ ಬೇಕು.

ಲ್ಯಾಬಿನ ಕೆಲಸದ ಜೊತೆಗೆ ಖೋಲಿ ಸಿಗುತ್ತದೆ ಅಂದ ಕೂಡಲೇ ಇವರು ಒಪ್ಪಿದರು. ಬೊಂಬಾಯಿಯಲ್ಲಿ ಖೋಲಿ ಇದ್ದವನಿಗೆ ಹೆಣ್ಣು ಕೊಡುತ್ತಾರೆ. ಹಾಗೆ ಐವತ್ತನಾಲ್ಕರಲ್ಲಿ ಅವರಿಗೆ ಖೋಲಿ ಸಿಕ್ಕಿತು, ಮರುವರ್ಷ ನಾನು ಬಂದೆ. ಸ್ವಲ್ಪ ದಿನದಲ್ಲಿ ನನ್ನನ್ನೂ ಲ್ಯಾಬಿನಲ್ಲಿ ಗಾಜಿನ ಕೊಳವೆ, ಬಾಟಲಿ ತೊಳೆಯಲಿಕ್ಕೆ ಹಾಕಿಕೊಂಡರು.

ಅಲ್ಲಿ ನಡೆಯುತ್ತಿದ್ದುದು ಏನು ಅಂತ ಒಮ್ಮೆ ನಾನು ಇವರನ್ನು ಕೇಳಿದೆ.

"ನಮ್ಮ ಈ ಸಾಲು ಉಂಟಲ್ಲ," ಅಂದರು, "ಎಷ್ಟು ಖೋಲಿ? ಪ್ರತಿ ಖೋಲಿಯಲ್ಲಿ ಒಂದು ಟ್ರಂಕು, ಒಂದು ಸ್ಟೋವು, ಒಂದು ಕೊಡಪಾನ. ಇಲಿಯ ಲಿವರೂ ಹಾಗೇ, ಕಣ್ಣಿಗೆ ಕಾಣದ ಲಕ್ಷ ಲಕ್ಷ ಖೋಲಿ. ನಾನು ಗೋಡೆ ಮಾತ್ರ ಒಡೆಯಬೇಕು. ಒಳಗಿನ ಟ್ರಂಕು ಜಜ್ಜಬಾರದು, ಕೊಡಪಾನ ತೂತಾಗಬಾರದು. ಆಮೇಲೆ ಎಲ್ಲ ಖೋಲಿಯ ಟ್ರಂಕುಗಳನ್ನು ಒಂದು ಕಡೆ, ಸ್ಟೋವುಗಳನ್ನು ಒಂದು ಕಡೆ ಒಟ್ಟು ಮಾಡುದು ಮೆಷಿನ್ನು."

"ಒಟ್ಟು ಮಾಡಿ ಎಂತ ಮಾಡುದು?"

"ಮೈಯಲ್ಲಿ ಪ್ರೋಟೀನು ಅಂತ ಒಂದು ಉಂಟಂತೆ. ನಾವು ಬೆಳೆಯುದು, ಗಾಯ ಮಾಗುದು ಎಲ್ಲ ಅದರಿಂದ. ಅದು ಖೋಲಿಯ ಯಾವ ಮೂಲೆಯಲ್ಲಿ ತಯಾರಾಗ್ತದೆ ಅಂತ ನಮ್ಮ ಡಾಕ್ಟರ್ ಸಾಹೇಬರು ಹುಡುಕುದು."

ನಾನು ಕಣ್ಣಾರೆ ನೋಡಿದ್ದೇನೆ. ಲಿವರನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ತಣ್ಣನೆಯ ಸಕ್ಕರೆ ನೀರಿನಲ್ಲಿ ಹಾಕಿ, ದಪ್ಪ ಗಾಜಿನ ಕೊಳವೆಯೊಳಗೆ ಬಿಡುವುದು. ಅದಕ್ಕೆ ಸರಿಯಾಗಿ ಕೂರುವ ಒಂದು ಗಾಜಿನ ಒನಕೆ. ಕೊಳವೆಯನ್ನು ಮಂಜುಗಡ್ಡೆಯಲ್ಲಿ ಹೂತು ಒನಕೆಯನ್ನು ತಿರುಗಿಸುತ್ತಾ ಮೇಲೆ ಕೆಳಗೆ ಎಳೆಯುವುದು. ಬೇರೆಯವರು ಇಪ್ಪತ್ತು ಸಲ ಎಳೆದರೂ ಆಗದ್ದು ಇವರಿಗೆ ಹತ್ತೇ ಸಲಕ್ಕೆ ಆಗುತ್ತಿತ್ತು. ಆಮೇಲೆ ದೊಡ್ಡ ಮೆಷಿನ್ನಿನಲ್ಲಿ ತಿರುಗಿಸುವುದು. ಮೆಲ್ಲಗೆ ತಿರುಗಿಸಿದರೆ ಭಾರದ್ದು ಅಡಿಗೆ ಕೂರುತ್ತದೆ. ಮೇಲಿನ ನೀರನ್ನು ಬೇರೆ ಕೊಳವೆಗೆ ಬಗ್ಗಿಸಿ ಜೋರಾಗಿ ತಿರುಗಿಸಿದರೆ ಹಳದಿ ಕಂದು ಬಣ್ಣದ್ದು ಕೂರುತ್ತದೆ. ಅದರ ಮೇಲಿನದನ್ನು ಮತ್ತೆ ಒಂದು ಗಂಟೆ ಇನ್ನೂ ಜೋರಾಗಿ ತಿರುಗಿಸಿದರೆ ಅಡಿಯಲ್ಲಿ ಕೆಂಪು ಛಾಯೆಯ ತೆಳು ಹಲ್ವದ ಹಾಗೆ ಒಂದು ಚೂರು. ಸಾಹೇಬರಿಗೆ ಬೇಕಾದದ್ದು ಆ ಚೂರು. ಇದೆಲ್ಲ ಆಗುವಾಗ ಎಲ್ಲಿಯೂ ಬೆಚ್ಚಗೆ ತಾಗಬಾರದು, ತಾಗಿದರೆ ಕೆಟ್ಟಿತು. ಅದಕ್ಕೇ ಥಂಡಿ ಕೋಣೆ.

ಆ ಕೋಣೆಗೆ ಕಿಟಕಿ ಇಲ್ಲ. ಒಂದು ಗೇಣು ದಪ್ಪದ ಬಾಗಿಲು, ಚಿಲಕ ಹೊರಗಿನಿಂದ ಮಾತ್ರ. ಹೊರಗಿನ ಗಂಟೆ ಬಾರಿಸಲಿಕ್ಕೆ ಒಳಗಿದ್ದವರ ಕೈಗೆ ಒಂದು ಹಗ್ಗ. ಒಂದು ಸಲ ಎಲ್ಲರೂ ಊಟಕ್ಕೆ ಹೋಗಿದ್ದಾಗ ಇವರು ನಲವತ್ತು ನಿಮಿಷ ಗಂಟೆ ಎಳೆಯುತ್ತಾ ಒಳಗೇ ನಿಂತಿದ್ದರು. ನಾನು ಕೊಳವೆಗಳ ಬುಟ್ಟಿ ಹೊತ್ತು ಅಲ್ಲಿಗೆ ಹೋದಾಗ ಬಾಗಿಲು ತೆಗೆದೆ. ತುಟಿ ನೇರಳೆ ಹಣ್ಣಿನ ಹಾಗೆ ಆಗಿತ್ತು. "ಊಟಕ್ಕೆ ಎಂತ ಸಾರು ಇವತ್ತು?" ಅಂತ ಕೇಳಿದರು, ಅಷ್ಟೇ.

ಮೂರನೇ ವರ್ಷಕ್ಕೆ ಬೆರಳುಗಳು ಬಿಳಿಚಿಕೊಳ್ಳಲಿಕ್ಕೆ ಸುರುವಾಯಿತು. ಮೊದಲು ಸುಣ್ಣದ ಹಾಗೆ ಬಿಳಿ, ಆಮೇಲೆ ನೀಲಿ, ಆಮೇಲೆ ಉರಿ. ಪರೇಲಿನ ಪಕ್ಕದ ಲಾಲ್‌ಬಾಗಿನ ಡಾಕ್ಟರು ಕೈ ನೋಡಿ, ಥಂಡಿಯಿಂದ ಹೊರಗೆ ಬಾರದಿದ್ದರೆ ತುದಿ ಕಪ್ಪಾಗಿ ಸಾಯುತ್ತದೆ ಅಂತ ಬಿಡಿಸಿ ಹೇಳಿದರು.

ಅದೇ ಹೊತ್ತಿಗೆ ನನ್ನ ಅಣ್ಣ ಸದಾನಂದ ಬಂದ. ಸಾಂತಾಕ್ರೂಜಿನಲ್ಲಿ ಹೋಟೆಲು ತೆಗೆಯುವವನಿದ್ದ.

"ಭಾವ, ಸ್ಟೇಷನ್ ಎದುರೇ ಜಾಗ. ದೀಪಾವಳಿಗೆ ಸುರು. ಅಡುಗೆಮನೆ ಪೂರಾ ನಿಮ್ಮ ಕೈಯಲ್ಲಿ. ಮೇಲೆ ಒಂದು ಕೋಣೆ ಉಂಟು, ನೀವು ಅಪ್ಪಿ ಅಲ್ಲೇ ಇರಬಹುದು. ಆದ್ರೆ ದೀಪಾವಳಿಗೆ ಬರ್ಲೇಬೇಕು. ಬಾರದಿದ್ರೆ ಬೇರೆಯವರನ್ನು ಹಾಕ್ತೇನೆ, ಆಮೇಲೆ ಬಯ್ಯಬೇಡಿ."

"ಬಯ್ಯುದು ನಿಮ್ಮ ತಂಗಿ, ನಾನಲ್ಲ" ಅಂದರು ಇವರು. ಅಷ್ಟು ಖುಷಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

ಸಾಹೇಬರ ಹತ್ತಿರ ಹೋಗಿ ಹೇಳಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಆರು ಸಲ ಕಣಯ್ಯಾ. ಆರು ಸಲ ಒಂದೇ ಥರ ಬಂದ್ರೆ ನನ್ನ ಕೆಲಸ ಮುಗೀತು. ಅದಾದ ಮೇಲೆ ಸಂತೋಷವಾಗಿ ಹೋಗು."

ಐವತ್ತೇಳರ ನವರಾತ್ರಿ ಬರುವಾಗ ಐದು ಸಲ ಆಗಿತ್ತು. ಇನ್ನು ಒಂದೇ ಒಂದು ಸಲ. ನಾನು ಸ್ಟೀಲಿನ ಪಾತ್ರೆಗಳನ್ನೆಲ್ಲ ಗೋಣಿಗೆ ತುಂಬಿ ಬಾಯಿ ಹೊಲಿದಿಟ್ಟಿದ್ದೆ. ಎರಡು ತಟ್ಟೆ, ಒಂದು ಬೋಗುಣಿ ಮಾತ್ರ ಹೊರಗೆ.

ಆಯುಧಪೂಜೆಯ ದಿನ ಲ್ಯಾಬಿನಲ್ಲೂ ಪೂಜೆ ಆಗುತ್ತಿತ್ತು. ಮೆಷಿನ್ನುಗಳಿಗೆ ಗೊಂಡೆ ಹೂವಿನ ಮಾಲೆ, ಕುಂಕುಮ. ಸಾಹೇಬರು ಪ್ರತಿವರ್ಷ ಹೇಳುತ್ತಿದ್ದದ್ದು ಒಂದೇ ಮಾತು: "ಏನು ಹಚ್ಚೋದಿದ್ರೂ ಹೊರಗೆ ಹಚ್ಚಿ. ಒಳಗೆ ಕೈ ಹಾಕ್ಬೇಡಿ." ನಮ್ಮವರು ದೊಡ್ಡ ಮೆಷಿನ್ನಿನ ಮುಚ್ಚಳದ ಮೇಲೆ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ಎಲ್ಲರಿಗೂ ಅವಲಕ್ಕಿ ಹಂಚಿದರು. ಆಮೇಲೆ ಎಲ್ಲರೂ ಹೋದರು. ಗುಡಿಸಿ ಒರೆಸಲಿಕ್ಕೆ ನಾನೊಬ್ಬಳು ಉಳಿದೆ.

ನನಗೆ ಸಮಾಧಾನ ಆಗಲಿಲ್ಲ. ನಮ್ಮಲ್ಲಿ ಆಯುಧಪೂಜೆಗೆ ಅರೆಯುವ ಕಲ್ಲಿನ ಹೊರಗಡೆ ಕುಂಕುಮ ಇಟ್ಟು ಬಿಡುವ ಕ್ರಮ ಇಲ್ಲ. ಕುಳಿಯ ಒಳಗೆ, ಹಿಟ್ಟು ಅರೆಯುವಲ್ಲೇ, ಅಕ್ಷತೆ ಇಡಬೇಕು. ಕೆಲಸ ಮಾಡುವುದು ಕುಳಿ, ಪೂಜೆ ಮುಚ್ಚಳಕ್ಕೆ ಅಂದರೆ ಹೇಗೆ? ದೊಡ್ಡ ಮೆಷಿನ್ನಿನ ಕುಳಿ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ರೋಟರ್ ಅಂತ ಅದಕ್ಕೆ ಹೇಳುತ್ತಿದ್ದರು. ಬುಗುರಿಯಂಥ ಲೋಹದ ಗುಂಡು, ಸುತ್ತ ಎಂಟು ಕುಳಿ, ಕೊಳವೆಗಳನ್ನು ಅದರಲ್ಲಿ ಇಳಿಸುವುದು. ತಣ್ಣಗಾಗಲಿ ಅಂತ ಅದನ್ನು ಯಾವಾಗಲೂ ಥಂಡಿ ಕೋಣೆಯಲ್ಲಿ ಬಟ್ಟೆ ಮುಚ್ಚಿ ಇಡುತ್ತಿದ್ದರು.

ಬಾಗಿಲಿಗೆ ಸ್ಟೂಲು ಅಡ್ಡ ಇಟ್ಟು ಒಳಗೆ ಹೋದೆ. ಬಟ್ಟೆ ಸರಿಸಿದೆ. ತುಪ್ಪ, ಅರಸಿನ ಕಲಸಿದ ಅಕ್ಷತೆಯಿಂದ ಐದು ಕಾಳು ತೆಗೆದು ಒಂದು ಕುಳಿಯ ತಳದಲ್ಲಿ ಒತ್ತಿದೆ. "ನೀನು ಅವರನ್ನು ಇನ್ನೊಂದೇ ಸಲ ದುಡಿಸಿಕೋ. ಆಮೇಲೆ ಬಿಟ್ಟುಬಿಡು" ಅಂತ ಕೈಮುಗಿದೆ. ಇಟ್ಟ ಅಕ್ಷತೆಯನ್ನು ನಾವೇ ತೆಗೆಯುವ ಕ್ರಮ ಇಲ್ಲ. ಬಟ್ಟೆ ಮುಚ್ಚಿ ಬಂದೆ.

ವಿಜಯದಶಮಿ ಕಳೆದ ಮರುದಿನ ಆರನೇ ಸಲ. ನಾನು ಲ್ಯಾಬಿನ ಮೂಲೆಯ ತೊಳೆಯುವ ಮೋರಿಯ ಹತ್ತಿರ ಬಾಟಲಿ ತಿಕ್ಕುತ್ತಿದ್ದೆ. ರಮಾಮಣಿ ಅಂತ ಸಾಹೇಬರ ಕೈಕೆಳಗೆ ಕಲಿಯುತ್ತಿದ್ದ ಹುಡುಗಿ, ಮೈಸೂರಿನವಳೇ, ಕೊಳವೆಗಳನ್ನು ತಕ್ಕಡಿಯಲ್ಲಿ ತೂಗಿ ರೋಟರಿನಲ್ಲಿ ಇಳಿಸಿದಳು. ಎದುರುಬದುರು ಇರುವ ಎರಡು ಕೊಳವೆಗಳ ತೂಕದಲ್ಲಿ ಒಂದು ಹನಿಯೂ ಹೆಚ್ಚುಕಡಿಮೆ ಇರಬಾರದು. ಮೆಷಿನ್ನು ಸುರುವಾಯಿತು. ಮೊದಲು ದುಂಬಿಯ ಹಾಗೆ, ಆಮೇಲೆ ಜೋರಾಗಿ. ಇಪ್ಪತ್ತು ನಿಮಿಷ ಆಗಿರಬೇಕು. ಒಮ್ಮೆಲೇ ನೆಲ ನಡುಗಿತು, ಕಪಾಟಿನ ಗಾಜುಗಳೆಲ್ಲ ಗಲಗಲ ಅಂದವು, ಆಮೇಲೆ ಲಾರಿ ಗೋಡೆಗೆ ಹೊಡೆದ ಹಾಗೆ ಒಂದು ಸದ್ದು.

ದಪ್ಪ ಮುಚ್ಚಳ ಇದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ತೆಗೆದು ನೋಡಿದರೆ ರೋಟರ್ ನಿಂತಿದ್ದ ಕಂಬಿ ತುಂಡಾಗಿತ್ತು. ರಮಾಮಣಿ ಅಳಲಿಕ್ಕೆ ಸುರುಮಾಡಿದಳು. "ನಾನು ಸರಿಯಾಗೇ ತೂಗಿದ್ದೆ ಸಾರ್, ಎರಡು ಸಲ ತೂಗಿದ್ದೆ..."

"ತೂಗಿದ್ರೆ ಹೀಗಾಗತ್ತೇನಮ್ಮ?" ಸಾಹೇಬರ ಮುಖ ಬೂದಿಯ ಹಾಗಿತ್ತು. "ಈ ಕಂಬಿ ಹಡಗಲ್ಲಿ ಬರಬೇಕು. ಎಷ್ಟು ತಿಂಗಳೋ ಏನೋ. ನಾಳೆಯಿಂದ ನೀನು ಬರಬೇಡ."

ನಮ್ಮವರು ಬಗ್ಗಿ ರೋಟರಿನಿಂದ ಒಡೆದ ಕೊಳವೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಒಂದು ಕುಳಿಯ ಹತ್ತಿರ ಅವರ ಕೈ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ನನ್ನ ಕೈಯಲ್ಲಿದ್ದ ಬಾಟಲಿ ಮೋರಿಗೆ ಬಿತ್ತು.

"ರಮಾಮಣಿ ಅಮ್ಮನವರದ್ದು ತಪ್ಪಿಲ್ಲ ಸಾರ್," ಅಂದರು. "ಪೂಜೆಗೆ ನಾನು ಒಳಗೆ ಅಕ್ಷತೆ ಇಟ್ಟಿದ್ದೆ."

ಸಾಹೇಬರು ಕುಳಿಯಲ್ಲಿ ಬೆರಳಾಡಿಸಿ ಹಳದಿ ಅಕ್ಕಿಯ ನುಚ್ಚನ್ನು ತೆಗೆದು ಅಂಗೈಯಲ್ಲಿ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. ಕೊಳವೆ ತೆಳು ಪ್ಲಾಸ್ಟಿಕ್ಕಿನದು. ಆ ವೇಗಕ್ಕೆ ಅದು ಅಕ್ಕಿಯ ಕಾಳಿನ ಮೇಲೆ ಒತ್ತಿ ತೂತಾಗಿತ್ತು, ನೀರು ಸೋರಿತ್ತು, ತೂಕ ತಪ್ಪಿತ್ತು. ಇದನ್ನು ಅವರೇ ರಮಾಮಣಿಗೆ ಮೆಲ್ಲನೆ ಹೇಳಿದರು. ಆಮೇಲೆ ಇವರ ಕಡೆ ತಿರುಗಿದರು.

"ನಿನ್ನನ್ನ ಕೆಲಸದಿಂದ ತೆಗೀಬೇಕು ನಾನು."

ತೆಗೆದಿದ್ದರೆ ಆಗುತ್ತಿತ್ತು! ಅವತ್ತೇ ಗೋಣಿ ಹೊತ್ತು ಸಾಂತಾಕ್ರೂಜಿಗೆ ಹೋಗಬಹುದಿತ್ತು. ನನಗೆ ಅದು ಹೊಳೆದಾಗ ಸಾಹೇಬರಿಗೂ ಹೊಳೆಯಿತು ಅಂತ ಕಾಣುತ್ತದೆ.

"ತೆಗೆಯೋದಿಲ್ಲ. ಕಂಬಿ ಬರಲಿ, ಆರನೇ ಸಲ ಆಗಲಿ, ಅಲ್ಲಿವರೆಗೂ ನೀನು ಎಲ್ಲೂ ಹೋಗೋ ಹಾಗಿಲ್ಲ. ಹಾಳು ಮಾಡಿದೋನೇ ಸರಿಮಾಡಿ ಕೊಡಬೇಕು. ಮಾತು ಕೊಡು."

ಇವರು ಮಾತು ಕೊಟ್ಟರು.

ಅವತ್ತು ಮನೆಗೆ ಬಂದು ಚಾಪೆಯಲ್ಲಿ ಕೂತರು. ನಾನು ಬಾಗಿಲ ಹತ್ತಿರವೇ ನಿಂತು, "ಅದು ನಾನು..." ಅಂದೆ.

"ಗೊತ್ತುಂಟು. ಅನ್ನ ಬಡಿಸು."

ಅಷ್ಟೇ. ಅದಾದ ಮೇಲೆ ಸಾಯುವವರೆಗೂ ಆ ಸುದ್ದಿ ಎತ್ತಲಿಲ್ಲ. ಒಂದು ಸಲ ಬೈದಿದ್ದರೆ ನಾನು ಅತ್ತು ಹಗುರ ಆಗುತ್ತಿದ್ದೆ.

ದೀಪಾವಳಿ ಬಂತು, ಹೋಯಿತು. ಅಣ್ಣ ಎರಡು ಸಲ ಬಂದು ಕರೆದ, ಮೂರನೇ ಸಲಕ್ಕೆ ಚೆನ್ನಯ ಅಂತ ಒಬ್ಬರನ್ನು ಅಡುಗೆಮನೆಗೆ ಹಾಕಿದ. ಮೇಲಿನ ಕೋಣೆಯೂ ಅವರಿಗೇ ಹೋಯಿತು. "ನಿನ್ನ ಗಂಡನಿಗೆ ಆ ಸಾಹೇಬ ಮಾಟ ಮಾಡಿದ್ದಾನೋ ಹೇಗೆ?" ಅಂತ ನನ್ನ ಹತ್ತಿರ ರೇಗಿದ. ಮಾಟ ಮಾಡಿದವಳ ಹತ್ತಿರವೇ ಕೇಳುತ್ತಿದ್ದ.

ದೊಡ್ಡ ಮೆಷಿನ್ನು ತಿರುಗುವಾಗ ಒಳಗೆ ತಾನೇ ತಣ್ಣಗಿರುತ್ತಿತ್ತು. ಅದು ಹಾಳಾದ ಮೇಲೆ ಮೊದಲ ಎರಡು ಪದರವನ್ನಾದರೂ ತೆಗೆಯೋಣ ಅಂತ ಥಂಡಿ ಮಾಡದ ಒಂದು ಸಣ್ಣ ಮೆಷಿನ್ನನ್ನೇ ಥಂಡಿ ಕೋಣೆಯೊಳಗೆ ತಳ್ಳಿದರು. ಮೊದಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಒಳಗಿರುತ್ತಿದ್ದ ನಮ್ಮವರು ಈಗ ಮೂರು ಮೂರು ಗಂಟೆ ಒಳಗೆ. ಉಣ್ಣೆಯ ಕೋಟು, ಮಂಗನ ಟೋಪಿ. ಆದರೆ ಒನಕೆ ಹಿಡಿಯುವ ಬೆರಳಿಗೆ ಕೈಗವಸು ಆಗುವುದಿಲ್ಲ, ಹಿಡಿತ ಗೊತ್ತಾಗುವುದಿಲ್ಲ. ನಾನು ಹೊರಗೆ ಬಾಟಲಿ ತೊಳೆಯುತ್ತಾ ಬಾಗಿಲನ್ನೇ ನೋಡುತ್ತಿದ್ದೆ. ಗಂಟೆ ಅಲುಗಿದರೆ ಓಡಿ ಹೋಗಿ ಚಿಲಕ ತೆಗೆಯುತ್ತಿದ್ದೆ. ಅವರು ಹೊರಗೆ ಬರುವಾಗ ಅವರ ಬೆನ್ನ ಹಿಂದಿನ ಥಂಡಿ ನನ್ನ ಕಾಲಿಗೆ ಬಂದು ತಾಗುತ್ತಿತ್ತು.

ಕಂಬಿ ಬಂದದ್ದು ಮರುವರ್ಷದ ಮಳೆಗಾಲದಲ್ಲಿ. ಅಷ್ಟರಲ್ಲಿ ಬಲಗೈಯ ಎರಡು ಬೆರಳ ತುದಿ ಕಪ್ಪಾಗಿತ್ತು.

ಆರನೇ ಸಲ ಮಾಡಿದರು. ರಮಾಮಣಿ ಸೂಕ್ಷ್ಮದರ್ಶಕದಲ್ಲಿ ನೋಡಿ ಎದ್ದು ಸಾಹೇಬರಿಗೆ ಜಾಗ ಬಿಟ್ಟಳು. ಸಾಹೇಬರೇ ನೋಡಿದರು. "ಏನಯ್ಯಾ ಇದು? ಗೋಡೆ ಜೊತೆ ಒಳಗಿನದೂ ಅರ್ಧಕ್ಕರ್ಧ ಒಡೆದಿದೆ." ಮತ್ತೆ ಮಾಡಿದರು, ಅದೂ ಹಾಗೇ. ಮತ್ತೆ. ಬೆರಳಿಗೆ ಸ್ಪರ್ಶ ಇಲ್ಲದ ಮೇಲೆ ಒನಕೆ ಎಷ್ಟು ಒತ್ತಿತು ಅಂತ ಹೇಗೆ ಗೊತ್ತಾಗಬೇಕು? ಆರನೇ ಸಲ ಆಗದೆ ಇವರು ಹೊರಗೆ ಬರುವ ಹಾಗಿಲ್ಲ. ಒಳಗೆ ಇದ್ದಷ್ಟೂ ಬೆರಳು ಸಾಯುತ್ತದೆ, ಬೆರಳು ಸತ್ತಷ್ಟೂ ಆರನೇ ಸಲ ಆಗುವುದಿಲ್ಲ. ಇದು ನನಗೆ ಒಂದು ಮಧ್ಯಾಹ್ನ ಬಾಟಲಿ ತಿಕ್ಕುತ್ತಿರುವಾಗ ಪೂರ್ತಿ ಅರ್ಥ ಆಯಿತು. ಕೈ ಒರೆಸಿಕೊಂಡು ಸೀದಾ ಸಾಹೇಬರ ಕೋಣೆಗೆ ಹೋದೆ.

"ಸಾರ್, ಅಕ್ಷತೆ ಇಟ್ಟದ್ದು ನಾನು. ಅವರಲ್ಲ."

ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣಮ್ಮ."

"ಹೇಗೆ ಗೊತ್ತು?"

"ಕಾಂತಪ್ಪ ಆ ಕುಳಿಯೊಳಗೆ ಒಂದು ಹನಿ ನೀರು ನಿಲ್ಲೋಕೆ ಬಿಟ್ಟೋನಲ್ಲ. ಅವನು ಅಕ್ಕಿ ಹಾಕ್ತಾನಾ?"

"ಗೊತ್ತಿದ್ದೂ ಅವರನ್ನು ಹಿಡಿದಿಟ್ರಾ?"

ಆಗ ಪೆನ್ನು ಕೆಳಗಿಟ್ಟರು. ನನ್ನ ಮುಖ ನೋಡದೆ ಕಿಟಕಿಯ ಹೊರಗೆ ನೋಡಿದರು. "ನನಗೆ ಆ ಕೈ ಬೇಕಿತ್ತು."

ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. "ಆ ಕೈ ಮುಗೀತು ಸಾರ್. ಕೈ ಬೇಕಾದ್ರೆ ನಂದು ತಕೊಳ್ಳಿ. ಅವರನ್ನು ಬಿಡಿ."

"ಇದೇನು ಚಟ್ನಿ ಅರೆಯೋ ಕೆಲಸ ಅಂದ್ಕೊಂಡೆಯಾ?"

"ಅವರೂ ಚಟ್ನಿ ಅರೆಯುದ್ರಲ್ಲೇ ಕಲಿತದ್ದಲ್ವಾ?"

ಬಾಗಿಲಲ್ಲಿ ನಿಂತಿದ್ದ ರಮಾಮಣಿ ಸೆರಗನ್ನು ಬಾಯಿಗಿಟ್ಟುಕೊಂಡಳು. ಸಾಹೇಬರು ನಗಲಿಲ್ಲ. "ಹತ್ತು ದಿನ ಕೊಡ್ತೀನಿ" ಅಂದರು.

ಮನೆಗೆ ಬಂದ ಮೇಲೆ ನಮ್ಮವರಿಗೆ ಸಿಟ್ಟು ಬಂತು. ಮದುವೆಯಾದ ಮೇಲೆ ಮೊದಲನೇ ಸಲ. "ನಿನಗೆ ಯಾರು ಹೇಳಿದ್ದು ಅಲ್ಲಿಗೆ ಹೋಗ್ಲಿಕ್ಕೆ? ಒಳಗೆ ಹೇಗಿರ್ತದೆ ಅಂತ ಗೊತ್ತುಂಟಾ ನಿನಗೆ?"

"ಹೊರಗೆ ಹೇಗಿರ್ತದೆ ಅಂತ ನಿಮಗೆ ಗೊತ್ತಿಲ್ಲ" ಅಂದೆ.

ಅವರೇ ಮರುದಿನ ಥಂಡಿ ಕೋಣೆಯಲ್ಲಿ ನನ್ನ ಹಿಂದೆ ನಿಂತು ಒನಕೆ ಹಿಡಿಸಿದರು. ನನ್ನ ಕೈಯ ಮೇಲೆ ಅವರ ಕೈ. ಕೊಳವೆಯ ಗಾಜೂ ಅವರ ಬೆರಳೂ ಒಂದೇ ಥಂಡಿ, ಯಾವುದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. "ಮೇಲೆ ಎಳೆಯುವಾಗ ನಿಧಾನ. ಗುಳ್ಳೆ ಏಳಬಾರದು. ಅವಸರ ಎಂತಕೆ, ರೈಲು ತಪ್ತದಾ? ಹಾಂ, ಈಗ ಬಿಗಿ ಕಡಿಮೆ ಆಯ್ತು ನೋಡು. ಗೋಡೆ ಬಿತ್ತು. ಇಲ್ಲಿಗೆ ನಿಲ್ಲಿಸು, ನಿಲ್ಲಿಸು ಮಾರಾಯ್ತಿ!"

ಒಂಬತ್ತನೇ ದಿನ ರಮಾಮಣಿ ನೋಡಿ, "ಸಾರ್, ಎಲ್ಲಾ ಇಡಿಯಾಗಿವೆ" ಅಂತ ಕೂಗಿದಳು. ಹನ್ನೆರಡು ಸಲ ಎಳೆದಿದ್ದೆ. ಅವರ ಹತ್ತು ನನಗೆ ಯಾವತ್ತೂ ಬರಲಿಲ್ಲ.

ಆರನೇ ಸಲ ಆಯಿತು. ಸಾಹೇಬರು ಇವರ ಹೆಗಲ ಮೇಲೆ ಕೈಯಿಟ್ಟು, ಹೋಗು ಅಂದರು. ನನಗೆ, ನೀನಿರು ಅಂದರು. ಆರನೇ ಸಲದ ನಂತರ ಅವರಿಗೆ ಬೇರೆ ಆರು ಬೇಕಿತ್ತು. ಖೋಲಿ ಈಗ ನನ್ನ ಹೆಸರಿಗೆ. ಸಾಂತಾಕ್ರೂಜಿನ ಕೋಣೆ ಚೆನ್ನಯನವರಿಗೆ ಹೋಗಿತ್ತಲ್ಲ, ಪರೇಲಿನದನ್ನು ಬಿಟ್ಟರೆ ನಮಗೆ ತಲೆಯ ಮೇಲೆ ಸೂರಿಲ್ಲ. ಹಾಗಾಗಿ ಒಳಗೆ ಹೋದವಳು ನಾನು. ಆದರೆ ಹೋಗುವ ಮೊದಲು ಎರಡು ಮಾತು ಕೇಳಿದೆ. ಅರ್ಧ ಗಂಟೆ ಒಳಗೆ ಇದ್ದರೆ ಅರ್ಧ ಗಂಟೆ ಹೊರಗೆ. ಮತ್ತೆ, ಬಾಗಿಲಿಗೆ ಒಳಗಿನಿಂದ ತೆಗೆಯುವ ಹಿಡಿ ಬೇಕು.

ಸಾಹೇಬರು ಮಿಸ್ತ್ರಿಯನ್ನು ಕರೆಸಿದರು. ಅವನು ಬಾಗಿಲಿಗೆ ತೂತು ಕೊರೆದು, ಹಿಡಿ ಕೂರಿಸಿ, ಎಣ್ಣೆ ಬಿಟ್ಟು, ಬೀಡಿ ಹಚ್ಚಿಕೊಂಡು ಹೋದ. ಒಂದು ಗಂಟೆಯ ಕೆಲಸ. ನಮ್ಮವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಹಿಡಿಯನ್ನು ಒಮ್ಮೆ ತಿರುಗಿಸಿದರು, ಬಾಗಿಲು ತೆರೆಯಿತು. ಮುಚ್ಚಿದರು. ಮತ್ತೆ ತಿರುಗಿಸಿದರು. "ನಾಲ್ಕು ವರ್ಷ, ಕೇಳ್ಬೇಕು ಅಂತಲೇ ನನಗೆ ಹೊಳೆಯಲಿಲ್ಲ" ಅಂದರು.

ಅಣ್ಣನ ಹೋಟೆಲಿನಲ್ಲಿ ಅವರಿಗೆ ಅಡುಗೆಮನೆಯ ಯಜಮಾನಿಕೆ ಸಿಗಲಿಲ್ಲ, ದೋಸೆಯ ಕಾವಲಿ ಸಿಕ್ಕಿತು. ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಿಂದ ಮೊದಲ ಲೋಕಲ್ ರೈಲಿಗೆ ಹೋದರೆ ಸಂಜೆಯವರೆಗೆ ಬೆಂಕಿಯ ಎದುರು. ಅದೇ ಅವರಿಗೆ ಬೇಕಾದದ್ದು. ನಾನು ಹನ್ನೊಂದು ವರ್ಷ ಒನಕೆ ಎಳೆದೆ, ಅದಕ್ಕೂ ಒಂದು ಮೋಟರು ಬರುವವರೆಗೆ.

ಒಂದು ರವಿವಾರ ನಾನು ಸಾಂತಾಕ್ರೂಜಿಗೆ ಹೋಗಿದ್ದೆ. ಹೋಟೆಲು ತುಂಬಿತ್ತು. ಕಾವಲಿಯ ಹತ್ತಿರ ನಾಲ್ಕೈದು ಗಿರಾಕಿಗಳು ನಿಂತು ನೋಡುತ್ತಿದ್ದರು. ನಮ್ಮವರು ಸಟ್ಟುಗ ಬದಿಗಿಟ್ಟು, ಸುಡುವ ಕಾವಲಿಯಿಂದ ದೋಸೆಯನ್ನು ಬರಿಗೈಯಲ್ಲೇ ಎಬ್ಬಿಸಿ, ಮಡಚಿ, ತಟ್ಟೆಗೆ ಹಾಕುತ್ತಿದ್ದರು. "ಕ್ಯಾ ಹಾಥ್ ಹೈ!" ಅಂದ ಒಬ್ಬ. ಅಣ್ಣ ಗಲ್ಲಾದಿಂದಲೇ, "ನೋಡಿದ್ಯಾ ನಿನ್ನ ಗಂಡನ ಕೈಚಳಕ? ಇದನ್ನು ನೋಡ್ಲಿಕ್ಕೇ ಜನ ಬರ್ತಾರೆ" ಅಂತ ಹೆಮ್ಮೆಯಿಂದ ಹೇಳಿದ.

ನಾನು ಒಳಗೆ ಹೋಗಿ ಸಟ್ಟುಗವನ್ನು ಅವರ ಕೈಗೆ ಕೊಟ್ಟೆ. "ಸುಡ್ತದೆ. ಇದರಲ್ಲಿ ತೆಗೀರಿ."

ಅವರು ಅದನ್ನು ತಿರುಗಿ ಅಲ್ಲೇ ಇಟ್ಟರು. "ಬೇಡ ಮಾರಾಯ್ತಿ," ಅಂದರು, "ಗೊತ್ತೇ ಆಗುದಿಲ್ಲ." ಮುಂದಿನ ದೋಸೆಗೆ ಹಿಟ್ಟು ಹುಯ್ದರು.